ಕೆಲಸದಲ್ಲಿದ್ದೇ ಕ್ಲಿನಿಕಲ್ ಔಷಧ ಅಭಿವೃದ್ಧಿಯ ಅಧ್ಯಯನ: ಆನ್‌ಲೈನ್ ಸ್ನಾತಕೋತ್ತರ ಪದವಿಯನ್ನು ಆರಿಸುವ ಮತ್ತು ಓದುವ ಬಗೆ

ಔಷಧ ವಿಜ್ಞಾನ, ಜೀವವಿಜ್ಞಾನ, ಶುಶ್ರೂಷೆ ಅಥವಾ ವೈದ್ಯಕೀಯ ಪದವಿ ಪಡೆದು ಬೆಂಗಳೂರಿನ ಔಷಧ ಕಂಪನಿಗಳಲ್ಲಿಯೂ, ಅವುಗಳ ಪರವಾಗಿ ಪ್ರಯೋಗಗಳನ್ನು ನಡೆಸಿಕೊಡುವ ಗುತ್ತಿಗೆ ಸಂಶೋಧನಾ ಸಂಸ್ಥೆಗಳಲ್ಲಿಯೂ ಕೆಲಸಕ್ಕೆ ಸೇರಿದ ಅನೇಕರು ಕೆಲವೇ ವರ್ಷಗಳಲ್ಲಿ ಒಂದೇ ಬಗೆಯ ತೊಡಕನ್ನು ಎದುರಿಸುತ್ತಾರೆ. ದತ್ತಾಂಶ ಪರಿಶೀಲಿಸುವುದು, ಅಡ್ಡಪರಿಣಾಮಗಳ ವರದಿ ದಾಖಲಿಸುವುದು, ಆಸ್ಪತ್ರೆಯ ಕಡತಗಳನ್ನು ತಾಳೆ ನೋಡುವುದು ಮುಂತಾದ ತಮ್ಮ ಪಾಲಿನ ಕೆಲಸ ಅವರಿಗೆ ಕರತಲಾಮಲಕವಾಗಿರುತ್ತದೆ. ಆದರೆ ಆ ಪ್ರಯೋಗಕ್ಕೆ ಇಷ್ಟೇ ರೋಗಿಗಳು ಏಕೆ ಬೇಕಾದರು, ಈ ಡೋಸನ್ನೇ ಏಕೆ ಆರಿಸಲಾಯಿತು, ಇದೇ ಫಲಿತಾಂಶವನ್ನು ಏಕೆ ಅಳೆಯಲಾಯಿತು ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಮೇಲಿನ ಹುದ್ದೆಗಳಿಗೆ ಆ ಪರಿಣತಿಯೊಂದೇ ಸಾಲುವುದಿಲ್ಲ. ಮನೆಯ ಹೊಣೆ ಮತ್ತು ಸಾಲದ ಕಂತುಗಳ ನಡುವೆ ಕೆಲಸ ಬಿಟ್ಟು ಎರಡು ವರ್ಷ ಓದಲು ಹೋಗುವುದು ಬಹುತೇಕರಿಗೆ ಸಾಧ್ಯವಿಲ್ಲವಾದ್ದರಿಂದ ಅವರು ಆನ್‌ಲೈನ್ ಸ್ನಾತಕೋತ್ತರ ಪದವಿಯ ಕಡೆಗೆ ತಿರುಗುತ್ತಾರೆ. ಅಲ್ಲಿ ಒಂದಕ್ಕೊಂದು ಹತ್ತಿರವಾಗಿ ತೋರುವ ಹಲವು ಹೆಸರುಗಳ ಕೋರ್ಸುಗಳು, ಪ್ರಚಾರದ ಕರೆಗಳು ಮತ್ತು ದೊಡ್ಡ ಮೊತ್ತದ ಶುಲ್ಕ ಒಟ್ಟಿಗೆ ಎದುರಾಗಿ ಆಯ್ಕೆಯೇ ಕಗ್ಗಂಟಾಗುತ್ತದೆ.

ವಿಷಯದ ವ್ಯಾಪ್ತಿ

ಪ್ರಯೋಗಾಲಯದಲ್ಲಿ ಮತ್ತು ಪ್ರಾಣಿಗಳಲ್ಲಿ ಪರೀಕ್ಷೆಗೊಳಗಾದ ಅಣುವೊಂದನ್ನು ಮನುಷ್ಯರಲ್ಲಿ ಹಂತಹಂತವಾಗಿ ಪರೀಕ್ಷಿಸಿ, ಅದು ಯಾರಿಗೆ, ಎಷ್ಟು ಪ್ರಮಾಣದಲ್ಲಿ, ಯಾವ ಅಪಾಯದೊಂದಿಗೆ ಉಪಯುಕ್ತ ಎಂಬುದನ್ನು ನಿಯಂತ್ರಣ ಸಂಸ್ಥೆ ಒಪ್ಪುವ ರೀತಿಯಲ್ಲಿ ಸಾಬೀತುಪಡಿಸುವ ಕಾರ್ಯವೇ ಕ್ಲಿನಿಕಲ್ ಔಷಧ ಅಭಿವೃದ್ಧಿ. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕೆಲವು ಡಜನ್ ಆರೋಗ್ಯವಂತ ಸ್ವಯಂಸೇವಕರಲ್ಲಿ ಸುರಕ್ಷತೆಯನ್ನೂ ದೇಹವು ಔಷಧವನ್ನು ನಿಭಾಯಿಸುವ ರೀತಿಯನ್ನೂ ನೋಡುತ್ತಾರೆ; ಎರಡನೆಯದರಲ್ಲಿ ರೋಗಿಗಳಿಗೆ ಕೊಟ್ಟು ಸರಿಯಾದ ಡೋಸನ್ನು ಹುಡುಕುತ್ತಾರೆ; ಮೂರನೆಯದರಲ್ಲಿ ನೂರಾರು ಅಥವಾ ಸಾವಿರಾರು ರೋಗಿಗಳಲ್ಲಿ ಈಗಿರುವ ಚಿಕಿತ್ಸೆಯೊಡನೆ ಹೋಲಿಸುತ್ತಾರೆ; ನಾಲ್ಕನೆಯದು ಔಷಧವು ಮಾರುಕಟ್ಟೆಗೆ ಬಂದ ಮೇಲಿನ ನಿಗಾ. ಈ ಕ್ರಮದ ಹಿಂದೆ ಸಾವುನೋವುಗಳ ಚರಿತ್ರೆಯಿದೆ. 1937ರಲ್ಲಿ ಅಮೆರಿಕದಲ್ಲಿ ವಿಷಕಾರಿ ದ್ರಾವಕದಲ್ಲಿ ತಯಾರಾದ ಸಲ್ಫನಿಲಮೈಡ್ ಔಷಧ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದರಿಂದ ಮಾರಾಟಕ್ಕೆ ಮೊದಲೇ ಸುರಕ್ಷತೆಯನ್ನು ತೋರಿಸಬೇಕೆಂಬ 1938ರ ಕಾನೂನು ಬಂತು. ಗರ್ಭಿಣಿಯರು ಸೇವಿಸಿದ ಥಾಲಿಡೋಮೈಡ್‌ನಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ನಂತರ, 1962ರಲ್ಲಿ, ಅಮೆರಿಕದಲ್ಲಿಯೇ, ಔಷಧ ನಿಜಕ್ಕೂ ಕೆಲಸ ಮಾಡುತ್ತದೆ ಎಂಬುದಕ್ಕೂ ಸಮರ್ಪಕ ಪ್ರಯೋಗಗಳ ಪುರಾವೆ ಬೇಕೆಂದಾಯಿತು. ಭಾರತದಲ್ಲಿ ಇಂದು ಪ್ರಯೋಗಗಳು ನಡೆಯುವುದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ.

ದೂರದಿಂದಲೇ ಕಲಿಯಲು ಸಾಧ್ಯವೇಕೆ

ಶಸ್ತ್ರಚಿಕಿತ್ಸೆಯನ್ನಾಗಲಿ, ರಸಾಯನ ಸಂಶ್ಲೇಷಣೆಯನ್ನಾಗಲಿ ಪರದೆಯ ಮೇಲೆ ನೋಡಿ ಕಲಿಯಲಾಗದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಔಷಧ ಅಭಿವೃದ್ಧಿಯ ಬಗೆಗೂ ಅದೇ ಸಂಶಯ ಮೂಡುವುದು ಸಹಜ. ಆದರೆ ಈ ಕ್ಷೇತ್ರದ ತಿರುಳು ಇರುವುದು ನಿರ್ಧಾರಗಳಲ್ಲಿ, ಮತ್ತು ಇಲ್ಲಿಯ ಪ್ರತಿಯೊಂದು ಮುಖ್ಯ ನಿರ್ಧಾರವನ್ನೂ ಅದರ ಕಾರಣದೊಂದಿಗೆ ಬರೆದಿಡಲೇಬೇಕೆಂಬ ಕಟ್ಟಳೆಯಿದೆ. ಪ್ರಯೋಗದ ಉದ್ದೇಶ, ವಿಧಾನ, ರೋಗಿಗಳ ಆಯ್ಕೆ, ಅಳತೆಗಳನ್ನೆಲ್ಲ ಮುಂಚಿತವಾಗಿ ನಿಗದಿಪಡಿಸುವ ದಾಖಲೆಗೆ ಪ್ರೋಟೋಕಾಲ್ ಎಂದು ಹೆಸರು. ದತ್ತಾಂಶವನ್ನು ಹೇಗೆ ವಿಶ್ಲೇಷಿಸಬೇಕೆಂದು ಫಲಿತಾಂಶ ತಿಳಿಯುವ ಮೊದಲೇ ಬರೆದಿಡುವುದು ಸಂಖ್ಯಾಶಾಸ್ತ್ರೀಯ ವಿಶ್ಲೇಷಣಾ ಯೋಜನೆ. ಇವುಗಳಲ್ಲಿ ಪ್ರಕಟವಾದವುಗಳ ಜೊತೆಗೆ ಅಮೆರಿಕದ ಎಫ್‌ಡಿಎ ಪ್ರಕಟಿಸುವ ಪರಿಶೀಲನಾ ವರದಿಗಳು, ಯೂರೋಪಿನ ಔಷಧ ಸಂಸ್ಥೆಯ ಮೌಲ್ಯಮಾಪನ ವರದಿಗಳು, ಭಾರತದ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಹೊರತರುವ ವಿಷಯತಜ್ಞರ ಸಮಿತಿಗಳ ನಡಾವಳಿಗಳು, 2007ರಲ್ಲಿ ಆರಂಭವಾದ ಭಾರತದ ಪ್ರಯೋಗ ನೋಂದಣಿಯಾದ ಸಿಟಿಆರ್‌ಐ, ಇವೆಲ್ಲ ಯಾರು ಬೇಕಾದರೂ ಶುಲ್ಕವಿಲ್ಲದೆ ಓದಬಹುದಾದ ದಾಖಲೆಗಳು. ಲಂಡನ್ನಿನ ತರಗತಿಯಲ್ಲಿ ಕುಳಿತವರಿಗೂ ದಾವಣಗೆರೆಯ ಮನೆಯಲ್ಲಿ ಕುಳಿತವರಿಗೂ ಅಧ್ಯಯನ ಸಾಮಗ್ರಿ ಒಂದೇ ಎಂಬ ಈ ಸಂಗತಿಯೇ ಆನ್‌ಲೈನ್ ಪದವಿಗೆ ನಿಜವಾದ ಆಧಾರ.

ಇದೇ ಕಾರಣದಿಂದ ಅದರ ಮಿತಿಯೂ ಸ್ಪಷ್ಟವಾಗುತ್ತದೆ. ಆತಂಕಗೊಂಡ ರೋಗಿಗೆ ಅವರದೇ ಭಾಷೆಯಲ್ಲಿ ಪ್ರಯೋಗವನ್ನು ವಿವರಿಸಿ ಒಪ್ಪಿಗೆ ಕೇಳುವುದು, ಆಸ್ಪತ್ರೆಯ ಸಿಬ್ಬಂದಿಯೊಡನೆ ಹೊಂದಿಕೊಂಡು ತಪ್ಪುಗಳನ್ನು ತಿದ್ದಿಸುವುದು, ಶೀತಲ ಪೆಟ್ಟಿಗೆಯಲ್ಲಿ ಔಷಧದ ಉಷ್ಣತೆ ಏರಿದಾಗ ತಕ್ಷಣ ಏನು ಮಾಡಬೇಕೆಂದು ಅರಿಯುವುದು ಕೆಲಸದ ಸ್ಥಳದಲ್ಲಿಯೇ ಬರಬೇಕಾದ ವಿದ್ಯೆಗಳು. ಆದ್ದರಿಂದ ಈ ಪದವಿ ಹೆಚ್ಚು ಫಲ ಕೊಡುವುದು ಈಗಾಗಲೇ ಕ್ಷೇತ್ರದೊಳಗೆ ಕಾಲಿಟ್ಟವರಿಗೆ. ಯಾವ ಅನುಭವವೂ ಇಲ್ಲದವರು ಮೊದಲು ಪ್ರಯೋಗ ನಡೆಯುವ ಆಸ್ಪತ್ರೆಯೊಂದರಲ್ಲಿ ಸಂಯೋಜಕರ ಸಣ್ಣ ಹುದ್ದೆಯನ್ನಾದರೂ ಹಿಡಿದು ಆಮೇಲೆ ಪ್ರವೇಶ ಪಡೆಯುವುದು ಮೇಲು.

ಕೋರ್ಸನ್ನು ಆರಿಸುವಾಗ

1. ಹೆಸರಿಗಿಂತ ಪಠ್ಯಕ್ರಮದ ಒಲವನ್ನು ನೋಡಬೇಕು. ‘ಕ್ಲಿನಿಕಲ್ ಟ್ರಯಲ್ಸ್’ ಎಂಬ ಹೆಸರಿನ ಪದವಿಗಳು ಸಾಮಾನ್ಯವಾಗಿ ಪ್ರಯೋಗದ ವಿನ್ಯಾಸ ಮತ್ತು ಸಂಖ್ಯಾಶಾಸ್ತ್ರಕ್ಕೆ ಒತ್ತು ಕೊಡುತ್ತವೆ. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಲಂಡನ್ ವಿಶ್ವವಿದ್ಯಾಲಯದ ಮೂಲಕ ದೂರಶಿಕ್ಷಣದಲ್ಲಿ ನೀಡುವ ಪದವಿಯೂ, ಎಡಿನ್‌ಬರೋ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯೂ ಈ ಬಗೆಯವು. ‘ಕ್ಲಿನಿಕಲ್ ರಿಸರ್ಚ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿನವು, ಉದಾಹರಣೆಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ್ದು, ಪ್ರಯೋಗಗಳ ನಿರ್ವಹಣೆಯ ಕಡೆಗೆ ವಾಲುತ್ತವೆ. ‘ಕ್ಲಿನಿಕಲ್ ಡ್ರಗ್ ಡೆವಲಪ್‌ಮೆಂಟ್’ ಎಂದಿದ್ದರೆ ಔಷಧದ ಗುಣಧರ್ಮ, ಡೋಸ್ ನಿರ್ಣಯ, ನಿಯಂತ್ರಣ ನಿಯಮಗಳು, ಮಾರುಕಟ್ಟೆಯ ಲೆಕ್ಕಾಚಾರಗಳೆಲ್ಲ ಸೇರಿದ ವಿಶಾಲ ಪಠ್ಯವಿರಬೇಕು. ಸಂಖ್ಯಾಶಾಸ್ತ್ರ ವಿಭಾಗಕ್ಕೆ ಹೋಗಬೇಕೆನ್ನುವವರಿಗೂ ನಿಯಂತ್ರಣ ವ್ಯವಹಾರಗಳ ವಿಭಾಗಕ್ಕೆ ಹೋಗಬೇಕೆನ್ನುವವರಿಗೂ ಒಂದೇ ಪದವಿ ಸಮನಾಗಿ ಒಗ್ಗುವುದಿಲ್ಲ. ಗುರಿಯಾಗಿಟ್ಟುಕೊಂಡ ಹುದ್ದೆಯ ಮೂರು ನಾಲ್ಕು ಜಾಹೀರಾತುಗಳಲ್ಲಿ ಕೇಳಿರುವ ಕೌಶಲಗಳನ್ನು ಬರೆದುಕೊಂಡು ಪಠ್ಯಕ್ರಮದೊಡನೆ ಸಾಲುಸಾಲಾಗಿ ಹೋಲಿಸಿದರೆ ಅಂತರ ಕಣ್ಣಿಗೆ ಬೀಳುತ್ತದೆ.

2. ಮೌಲ್ಯಮಾಪನದ ವಿಧಾನವನ್ನು ಕೇಳಿ ತಿಳಿಯಬೇಕು. ಎಲ್ಲ ಪರೀಕ್ಷೆಗಳೂ ಬಹು ಆಯ್ಕೆಯ ಪ್ರಶ್ನೆಗಳಾಗಿದ್ದರೆ ಅಂತಹ ಕೋರ್ಸನ್ನು ಬದಿಗಿಡುವುದೇ ಒಳ್ಳೆಯದು. ವಿದ್ಯಾರ್ಥಿಯಿಂದ ಒಂದು ಸಂಪೂರ್ಣ ಪ್ರೋಟೋಕಾಲನ್ನು ಬರೆಯಿಸಿ, ಅನುಭವಿಗಳು ಅದನ್ನು ತಿದ್ದಿ ಟಿಪ್ಪಣಿ ಬರೆದು ಕೊಡುವ ವ್ಯವಸ್ಥೆ ಇದೆಯೇ ಎಂಬುದು ಈ ಇಡೀ ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಏಕೆಂದರೆ ಬಿಡಿಬಿಡಿಯಾಗಿ ಕಲಿತ ಔಷಧ ವಿಜ್ಞಾನ, ಸಂಖ್ಯಾಶಾಸ್ತ್ರ, ನೀತಿ ಮತ್ತು ಕಾನೂನು ಒಂದರೊಡನೊಂದು ಘರ್ಷಿಸುವುದೂ ಹೊಂದಿಕೊಳ್ಳುವುದೂ ಆ ಒಂದು ದಾಖಲೆಯಲ್ಲಿ ಮಾತ್ರ. ಮೇಲೆ ಹೇಳಿದ ಲಂಡನ್ನಿನ ಪದವಿಯಲ್ಲಿ ಪ್ರೋಟೋಕಾಲ್ ರಚನೆಯೇ ಎಲ್ಲ ಪಾಠಗಳನ್ನು ಬೆಸೆಯುವ ಘಟಕವಾಗಿರುವುದು ಈ ದೃಷ್ಟಿಯಿಂದ ಮೆಚ್ಚತಕ್ಕ ಏರ್ಪಾಡು.

3. ಗಂಟೆಗಳ ಲೆಕ್ಕವನ್ನು ಮೊದಲೇ ಹಾಕಬೇಕು. ಬ್ರಿಟನ್ನಿನ ಪದ್ಧತಿಯಲ್ಲಿ ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್‌ಗಳಿದ್ದು, ಒಂದು ಕ್ರೆಡಿಟ್ ಎಂದರೆ ಸುಮಾರು 10 ಗಂಟೆಗಳ ಕಲಿಕೆ. ಒಟ್ಟು 1,800 ಗಂಟೆಗಳನ್ನು ಎರಡು ವರ್ಷಗಳಿಗೆ ಹಂಚಿದರೆ ಬಿಡುವಿಲ್ಲದೆ ವಾರಕ್ಕೆ 17 ಗಂಟೆಗಳೂ ಮೂರು ವರ್ಷಗಳಿಗೆ ಹಂಚಿದರೆ ಸುಮಾರು ಹನ್ನೊಂದೂವರೆ ಗಂಟೆಗಳೂ ಬೇಕಾಗುತ್ತವೆ. ಪೂರ್ಣಾವಧಿ ಉದ್ಯೋಗಿಗೆ ಮೂರು ವರ್ಷಗಳ ಲೆಕ್ಕವೇ ವಾಸ್ತವ.

4. ನಡುವೆ ನಿಲ್ಲಿಸುವ ಅವಕಾಶವಿರಬೇಕು. 60 ಕ್ರೆಡಿಟ್‌ಗಳಿಗೆ ಸ್ನಾತಕೋತ್ತರ ಸರ್ಟಿಫಿಕೇಟ್, 120ಕ್ಕೆ ಡಿಪ್ಲೊಮಾ ಕೊಡುವ ಕ್ರಮವಿದ್ದರೆ, ಮದುವೆ, ಹೆರಿಗೆ, ವರ್ಗಾವಣೆ ಏನೇ ಬಂದರೂ ಆವರೆಗಿನ ಶ್ರಮ ವ್ಯರ್ಥವಾಗುವುದಿಲ್ಲ. ಘಟಕದಿಂದ ಘಟಕಕ್ಕೆ ಶುಲ್ಕ ಕಟ್ಟುವ ಅನುಕೂಲವಿದ್ದರೆ ಪೌಂಡ್ ಅಥವಾ ಡಾಲರಿನ ಭಾರವೂ ಹಂಚಿಹೋಗುತ್ತದೆ.

5. ಗಡಿಯಾರವನ್ನೂ ನೋಡಬೇಕು. ಬ್ರಿಟನ್ನಿನಲ್ಲಿ ಸಂಜೆ 6ಕ್ಕೆ ನಡೆಯುವ ನೇರ ತರಗತಿ ಭಾರತದಲ್ಲಿ ಚಳಿಗಾಲಕ್ಕೆ ರಾತ್ರಿ 11.30, ಬೇಸಿಗೆಗೆ 10.30. ನೇರ ಹಾಜರಿ ಕಡ್ಡಾಯವೇ, ಧ್ವನಿಮುದ್ರಿಕೆ ದೊರೆಯುವುದೇ ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಮೂರು ವರ್ಷಗಳ ನಿದ್ದೆಯ ಪ್ರಶ್ನೆ ಅದು.

ಮಾನ್ಯತೆಯ ಬಗ್ಗೆ ಎಚ್ಚರಿಕೆ

ಶುಲ್ಕ ಕಟ್ಟುವ ಮುನ್ನ ಬಿಡಿಸಿಕೊಳ್ಳಲೇಬೇಕಾದ ಗಂಟು ಇದು. ಭಾರತದ ವಿಶ್ವವಿದ್ಯಾಲಯಗಳ ಆನ್‌ಲೈನ್ ಪದವಿಗಳಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಮಾನ್ಯತೆ ಅಗತ್ಯವಾಗಿದ್ದು, ಆ ಪಟ್ಟಿಯನ್ನು ವರ್ಷವರ್ಷವೂ ನೋಡಬೇಕು. 2020ರ ನಿಯಮಾವಳಿಯು ವೈದ್ಯಕೀಯ, ಔಷಧ ವಿಜ್ಞಾನ, ಶುಶ್ರೂಷೆಯಂತಹ ವೃತ್ತಿಪರ ಪದವಿಗಳನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಕೊಡಲು ಅವಕಾಶ ನೀಡುವುದಿಲ್ಲ. 2025ರಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಇತರ ಕೆಲವು ವಿಷಯಗಳಿಗೂ ಈ ನಿರ್ಬಂಧವನ್ನು ವಿಸ್ತರಿಸಲಾಗಿದೆ. ಆದ್ದರಿಂದ ಎಂ.ಫಾರ್ಮ ಪದವಿಯನ್ನು ಮನೆಯಿಂದಲೇ ಮುಗಿಸಬಹುದೆಂಬ ಜಾಹೀರಾತು ಕಂಡರೆ ಅಲ್ಲಿಗೇ ಕೈಬಿಡಬೇಕು.

ವಿದೇಶಿ ಪದವಿಗಳ ಮಾತು ಬೇರೆ. ಅವುಗಳ ಸಮಾನತೆಗೆ ಯುಜಿಸಿ 2025ರಲ್ಲಿ ಪ್ರತ್ಯೇಕ ನಿಯಮಾವಳಿ ಹೊರಡಿಸಿದ್ದು, ಸಮಾನತೆ ತಾನಾಗಿ ದೊರೆಯುವುದಿಲ್ಲ ಮತ್ತು ಕಲಿಕೆಯ ವಿಧಾನವೂ ಅಲ್ಲಿ ಗಣನೆಗೆ ಬರುತ್ತದೆ. ಖಾಸಗಿ ಕಂಪನಿಗಳು ಬಹುಮಟ್ಟಿಗೆ ಅಭ್ಯರ್ಥಿಯ ಕೌಶಲವನ್ನೂ ವಿಶ್ವವಿದ್ಯಾಲಯದ ಹೆಸರನ್ನೂ ನೋಡಿ ನಿರ್ಧರಿಸುತ್ತವೆಯಾದರೂ, ಸರ್ಕಾರಿ ಹುದ್ದೆ, ಅಧ್ಯಾಪಕ ವೃತ್ತಿ ಅಥವಾ ಭಾರತದಲ್ಲಿ ಪಿಎಚ್‌ಡಿಯ ಯೋಚನೆ ಇರುವವರು ಸಂಬಂಧಪಟ್ಟ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯದೆ ಮುಂದುವರಿಯಬಾರದು. ಪ್ರವೇಶ ಮಾಡಿಸುವ ಮಧ್ಯವರ್ತಿಗಳ ಬಾಯಿಮಾತು ಈ ವಿಷಯದಲ್ಲಿ ಯಾವ ಬೆಲೆಗೂ ಬಾರದು.

ಓದುವ ಕ್ರಮ

ಪಾಠಗಳನ್ನು ಕೊಟ್ಟ ಕ್ರಮದಲ್ಲಿ ಓದಿ ಮುಗಿಸುವುದಕ್ಕಿಂತ, ಮೊದಲ ತಿಂಗಳಿನಲ್ಲೇ ಮುಗಿದ ಪ್ರಯೋಗವೊಂದನ್ನು ಆರಿಸಿಕೊಂಡು ಪ್ರತಿ ಘಟಕದ ಪಾಠವನ್ನೂ ಅದಕ್ಕೆ ಅನ್ವಯಿಸುತ್ತ ಹೋಗುವ ವಿಧಾನ ಹೆಚ್ಚು ಫಲಕಾರಿ. ಭಾರತದ ವಿದ್ಯಾರ್ಥಿಗೆ ಇದಕ್ಕೆ ತಕ್ಕ ಉದಾಹರಣೆಯೆಂದರೆ ಕೋವಿಡ್ ರೋಗಿಗಳಿಗೆ ಚೇತರಿಸಿಕೊಂಡವರ ಪ್ಲಾಸ್ಮಾ ಕೊಡುವ ಚಿಕಿತ್ಸೆಯನ್ನು ಪರೀಕ್ಷಿಸಲು ಐಸಿಎಂಆರ್ 2020ರಲ್ಲಿ ನಡೆಸಿದ ‘ಪ್ಲಾಸಿಡ್’ ಪ್ರಯೋಗ. ದೇಶದ 39 ಆಸ್ಪತ್ರೆಗಳ 464 ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ವೈದ್ಯರ ಅಥವಾ ರೋಗಿಗಳ ಇಚ್ಛೆಗೆ ಎಡೆಯಿಲ್ಲದಂತೆ, ಎರಡು ಗುಂಪುಗಳಿಗೆ ಹಂಚಿ, 28 ದಿನಗಳೊಳಗೆ ಕಾಯಿಲೆ ಉಲ್ಬಣಗೊಂಡವರ ಅಥವಾ ಸತ್ತವರ ಪ್ರಮಾಣವನ್ನು ಹೋಲಿಸಲಾಯಿತು. ಪ್ಲಾಸ್ಮಾ ಪಡೆದವರಲ್ಲಿ ಅದು ಶೇ. 19, ಪಡೆಯದವರಲ್ಲಿ ಶೇ. 18. ದೇಶವೆಲ್ಲ ಪ್ಲಾಸ್ಮಾಕ್ಕಾಗಿ ಪರದಾಡುತ್ತಿದ್ದ ಕಾಲದಲ್ಲಿ ಬಂದ ಈ ಉತ್ತರದ ಮೌಲ್ಯವನ್ನು ಎಷ್ಟು ಹೇಳಿದರೂ ಕಡಿಮೆಯೇ. ಹೋಲಿಕೆಯ ಗುಂಪು ಇಲ್ಲದಿದ್ದರೆ ಪ್ಲಾಸ್ಮಾ ಪಡೆದ ಪ್ರತಿ ಐವರಲ್ಲಿ ಸುಮಾರು ನಾಲ್ವರ ಕಾಯಿಲೆ ಉಲ್ಬಣಗೊಳ್ಳದಿದ್ದುದನ್ನು ಪ್ಲಾಸ್ಮಾದ ಫಲವೆಂದೇ ಭಾವಿಸಲಾಗುತ್ತಿತ್ತು ಎಂಬುದನ್ನು ಅರಿತ ವಿದ್ಯಾರ್ಥಿಗೆ ನಿಯಂತ್ರಿತ ಪ್ರಯೋಗದ ಅಗತ್ಯವನ್ನು ಮತ್ತೆ ಕಲಿಸಬೇಕಾಗಿಲ್ಲ.

1. ಸಂಖ್ಯಾಶಾಸ್ತ್ರವನ್ನು ಮೊದಲ ಘಟಕದಲ್ಲೇ ಕೈಗೆತ್ತಿಕೊಳ್ಳಬೇಕು. ಸೂತ್ರಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡುವುದರಿಂದ ಹೆಚ್ಚು ತಿಳಿಯುತ್ತದೆ. ಒಂದು ಕಾಯಿಲೆಯಲ್ಲಿ ಈಗ ಶೇ. 40 ರೋಗಿಗಳು ಸಾಯುತ್ತಿದ್ದು, ಹೊಸ ಔಷಧ ಅದನ್ನು ಶೇ. 30ಕ್ಕೆ ಇಳಿಸಬಹುದೆಂಬ ಊಹೆ ಇದೆಯೆನ್ನೋಣ. ಇಲ್ಲದ ಪರಿಣಾಮವನ್ನು ಇದೆಯೆಂದು ಸಾರುವ ಸಾಧ್ಯತೆಯನ್ನು ಶೇ. 5ಕ್ಕೆ ಮಿತಿಗೊಳಿಸಿ, ಇರುವ ಪರಿಣಾಮವನ್ನು ಕಂಡುಹಿಡಿಯುವ ಸಾಧ್ಯತೆಯನ್ನು ಶೇ. 80ಕ್ಕೆ ನಿಗದಿಪಡಿಸಿದರೆ ಪ್ರತಿ ಗುಂಪಿನಲ್ಲಿ ಸುಮಾರು 356 ರೋಗಿಗಳು ಬೇಕು. ಅದೇ ಔಷಧ ಸಾವನ್ನು ಶೇ. 35ಕ್ಕೆ ಮಾತ್ರ ಇಳಿಸಬಲ್ಲುದಾದರೆ ಪ್ರತಿ ಗುಂಪಿಗೆ ಸುಮಾರು 1,470 ರೋಗಿಗಳು ಬೇಕಾಗುತ್ತಾರೆ. ನಿರೀಕ್ಷಿತ ವ್ಯತ್ಯಾಸ ಅರ್ಧವಾದಾಗ ರೋಗಿಗಳ ಸಂಖ್ಯೆ ನಾಲ್ಕು ಪಟ್ಟಾಗುವ ಈ ಸಂಬಂಧವೇ ಪ್ರಯೋಗದ ವೆಚ್ಚ, ಆಸ್ಪತ್ರೆಗಳ ಸಂಖ್ಯೆ, ತಗಲುವ ವರ್ಷಗಳು ಎಲ್ಲವನ್ನೂ ನಿರ್ಧರಿಸುವುದರಿಂದ, ಇದನ್ನು ಬಲ್ಲವರ ಮಾತಿಗೆ ಯೋಜನಾ ಸಭೆಗಳಲ್ಲಿ ಬೇರೆಯೇ ತೂಕ ಬರುತ್ತದೆ.

2. ಪ್ರತಿ ನಿಯಮದ ಹಿಂದಿನ ಘಟನೆಯನ್ನು ಹುಡುಕಬೇಕು. ಮೊದಲ ಬಾರಿಗೆ ಮನುಷ್ಯರಿಗೆ ಕೊಡುವ ಔಷಧವನ್ನು ಮೊದಲು ಒಬ್ಬರಿಗೆ ಮಾತ್ರ ಕೊಟ್ಟು ಕಾದು ನೋಡಬೇಕೆಂಬ ಎಚ್ಚರಕ್ಕೆ ಒತ್ತು ಬಂದದ್ದು, 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಆರೋಗ್ಯವಂತ ಯುವಕರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟು, ಆರೂ ಮಂದಿ ಅಂಗಾಂಗ ವೈಫಲ್ಯದಿಂದ ತೀವ್ರ ನಿಗಾ ಘಟಕ ಸೇರಿದ ನಂತರ. ಹಾಗೆಯೇ, ಹೃದಯಾಘಾತವಾದವರಲ್ಲಿ ಬಡಿತದ ಏರುಪೇರನ್ನು ಚೆನ್ನಾಗಿ ತಗ್ಗಿಸುತ್ತಿದ್ದ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳು ಸಾವನ್ನು ಹೆಚ್ಚಿಸುತ್ತಿದ್ದವೆಂದು 1989ರಲ್ಲಿ ‘ಕ್ಯಾಸ್ಟ್’ ಪ್ರಯೋಗ ತೋರಿಸಿತು. ರೋಗಿಗೆ ನಿಜಕ್ಕೂ ಮುಖ್ಯವಾದ ಫಲಿತಾಂಶದ ಬದಲು ಅಳೆಯಲು ಸುಲಭವಾದ ಸೂಚಕವನ್ನು ಬಳಸುವಾಗ, ಅಂದರೆ ಬದಲಿ ಸೂಚಕಗಳನ್ನು ನೆಚ್ಚುವಾಗ, ಎಷ್ಟು ಜಾಗ್ರತೆ ಬೇಕೆಂಬುದನ್ನು ಈ ಒಂದು ಪ್ರಯೋಗದ ವರದಿ ಅಚ್ಚಳಿಯದಂತೆ ಕಲಿಸುತ್ತದೆ.

3. ವಿದೇಶಿ ಪಠ್ಯದ ಪಕ್ಕದಲ್ಲಿ ಭಾರತದ ನಿಯಮಗಳನ್ನಿಟ್ಟು ಓದಬೇಕು. ಬ್ರಿಟನ್ ಅಥವಾ ಅಮೆರಿಕದ ಪಾಠಗಳಲ್ಲಿ ಭಾರತದ ಕಾನೂನು ವಿರಳವಾಗಿ ಬರುತ್ತದೆ, ಆದರೆ ಬೆಂಗಳೂರಿನ ಸಂದರ್ಶನದಲ್ಲಿ ಕೇಳುವುದು ಅದನ್ನೇ. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅವರಲ್ಲಿ ಜನಸಾಮಾನ್ಯರ ಪ್ರತಿನಿಧಿಯೂ ಕಾನೂನು ಬಲ್ಲವರೂ ಇರಬೇಕು. ಗಂಭೀರ ಪ್ರತಿಕೂಲ ಘಟನೆಯನ್ನು ಪ್ರಯೋಗ ನಡೆಸುವ ವೈದ್ಯರು 24 ಗಂಟೆಗಳೊಳಗೆ ವರದಿ ಮಾಡಬೇಕು. ಪ್ರಯೋಗದಿಂದಾದ ಹಾನಿಗೆ ಪರಿಹಾರ ಕೊಡಬೇಕು. ಪ್ರಯೋಗಗಳ ಸದಾಚಾರದ ಅಂತಾರಾಷ್ಟ್ರೀಯ ಮಾರ್ಗಸೂಚಿಯಾದ ಐಸಿಎಚ್ ಇ6 ದಾಖಲೆಯ ಮೂರನೆಯ ಪರಿಷ್ಕರಣೆ 2025ರ ಜನವರಿಯಲ್ಲಿ ಅಂತಿಮಗೊಂಡಿರುವುದರಿಂದ, ಹಳೆಯ ಆವೃತ್ತಿಯನ್ನೇ ಇನ್ನೂ ಪಾಠ ಮಾಡುವ ಕೋರ್ಸಿಗೆ ಅದರ ಕಾರಣವನ್ನು ಕೇಳುವ ಹಕ್ಕು ವಿದ್ಯಾರ್ಥಿಗಿದೆ.

4. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು ನೋಡಬೇಕು. ಇದು ಯಾವ ವಿದೇಶಿ ಪಠ್ಯಕ್ರಮದಲ್ಲೂ ಇರಲಾರದು, ಆದರೂ ಕರ್ನಾಟಕದ ಆಸ್ಪತ್ರೆಗಳಲ್ಲಿ ಪ್ರಯೋಗಕ್ಕೆ ಒಳಗಾಗುವವರ ದೃಷ್ಟಿಯಿಂದ ಇದಕ್ಕಿಂತ ಉಪಯುಕ್ತ ಅಭ್ಯಾಸ ಇನ್ನೊಂದಿಲ್ಲ. ‘ನಿಮಗೆ ಹೊಸ ಔಷಧ ಸಿಗಬಹುದು ಅಥವಾ ಸಿಗದಿರಬಹುದು, ಅದನ್ನು ವೈದ್ಯರೂ ಆರಿಸುವಂತಿಲ್ಲ’ ಎಂಬ ಸಂಗತಿಯನ್ನು ಓದುಬರಹ ಕಡಿಮೆ ಇರುವ ರೋಗಿಗೂ ಅರ್ಥವಾಗುವಂತೆ ಬರೆಯಲು ಕುಳಿತವರಿಗೆ, ಯಾದೃಚ್ಛಿಕ ಹಂಚಿಕೆ ತಮಗೆ ಎಷ್ಟರಮಟ್ಟಿಗೆ ಅರ್ಥವಾಗಿದೆ ಎಂಬುದು ಮೊದಲ ಪುಟದಲ್ಲೇ ತಿಳಿಯುತ್ತದೆ. ಭಾರತದ ರೋಗಿ ಪ್ರಯೋಗದಲ್ಲಿ ಭಾಗವಹಿಸುವುದು ಬಹಳ ಸಲ ವೈದ್ಯರ ಮೇಲಿನ ನಂಬಿಕೆಯಿಂದ. ಆ ನಂಬಿಕೆಗೆ ತಕ್ಕ ವಿವರಣೆ ಕೊಡುವುದು ಈ ವಿದ್ಯೆಯನ್ನು ಕಲಿತವರ ಕರ್ತವ್ಯ.

ಸಾಮಾನ್ಯವಾಗಿ ಆಗುವ ತಪ್ಪುಗಳು

ವಾರಾಂತ್ಯದ ಎರಡು ದಿನಗಳಿಗೆ ಓದನ್ನೆಲ್ಲ ಕಟ್ಟಿಹಾಕುವುದು ಮೊದಲನೆಯದು: ಒಂದು ವಾರಾಂತ್ಯ ಮನೆಯ ಸಮಾರಂಭಕ್ಕೆ ಹೋದರೆ ಹದಿನೈದು ದಿನಗಳ ಅಂತರ ಬೀಳುತ್ತದೆ ಮತ್ತು ಸಂಖ್ಯಾಶಾಸ್ತ್ರದಂತಹ ವಿಷಯದಲ್ಲಿ ಆ ಅಂತರವನ್ನು ತುಂಬುವುದು ಕಷ್ಟ. ವಾರದ ದಿನಗಳಲ್ಲಿ ಒಂದೊಂದು ಗಂಟೆ, ವಾರಾಂತ್ಯದಲ್ಲಿ ಉಳಿದದ್ದು ಎಂದು ಹಂಚಿಕೊಳ್ಳುವುದು ಲೇಸು.

ಎರಡನೆಯದು ಮತ್ತು ಹೆಚ್ಚು ಹಾನಿಕಾರಕವಾದದ್ದು, ಒಳ್ಳೆಯ ಕೈಪಿಡಿಯ ಭಾಷೆಯನ್ನು ಹಾಗೆಯೇ ನಕಲು ಮಾಡುವ ಅಭ್ಯಾಸ. ಭಾರತದ ಪರೀಕ್ಷೆಗಳಲ್ಲಿ ಪುಸ್ತಕದ ವಾಕ್ಯವನ್ನೇ ಬರೆದು ಅಂಕ ಪಡೆದವರಿಗೆ, ಆಕರವನ್ನು ಹೇಳದೆ ಎರಡು ಸಾಲು ಬಳಸಿದರೂ ಅದು ಕೃತಿಚೌರ್ಯವೆನಿಸಿ ಘಟಕವನ್ನೇ ಕಳೆದುಕೊಳ್ಳಬೇಕಾದೀತು ಎಂಬುದು ತಡವಾಗಿ ತಿಳಿಯುತ್ತದೆ. ಯಂತ್ರದಿಂದ ಬರೆಸಿದ ಉತ್ತರಗಳ ಬಗೆಗೂ ಆಯಾ ವಿಶ್ವವಿದ್ಯಾಲಯದ ನಿಯಮವನ್ನು ಮೊದಲೇ ಓದಿಕೊಳ್ಳಬೇಕು.

ಸಹಪಾಠಿಗಳ ಚರ್ಚೆಯಲ್ಲಿ ಮೌನವಾಗಿ ಉಳಿಯುವುದು ಮೂರನೆಯದು. ನೈಜೀರಿಯಾದ ವೈದ್ಯರು, ಬ್ರಿಟನ್ನಿನ ದಾದಿಯರು, ಬ್ರೆಜಿಲ್‌ನ ಸಂಖ್ಯಾಶಾಸ್ತ್ರಜ್ಞರು ಒಂದೇ ತರಗತಿಯಲ್ಲಿ ಸಿಗುವುದು ಈ ಪದವಿಗಳ ದೊಡ್ಡ ಲಾಭ. ಮಾತನಾಡದವರಿಗೆ ಅದು ದಕ್ಕುವುದಿಲ್ಲ.

ಕೊನೆಯದು ಪ್ರಬಂಧಕ್ಕೆ ಸಂಬಂಧಿಸಿದ್ದು. ತಾವು ಕೆಲಸ ಮಾಡುವ ಕಂಪನಿಯ ದತ್ತಾಂಶವನ್ನು ಪ್ರಬಂಧಕ್ಕೆ ಬಳಸಬಹುದೆಂದು ಎಣಿಸಿ ಕಡೆಯ ವರ್ಷದವರೆಗೆ ನಿಶ್ಚಿಂತರಾಗಿರುವವರು ಹಲವರು. ಆ ದತ್ತಾಂಶ ಪ್ರಯೋಗದ ಪ್ರಾಯೋಜಕರ ಸ್ವತ್ತಾಗಿರುತ್ತದೆ, ಅದರ ಬಳಕೆಗೆ ಕಂಪನಿಯ ಲಿಖಿತ ಅನುಮತಿಯೂ ವಿಶ್ವವಿದ್ಯಾಲಯದ ನೈತಿಕ ಒಪ್ಪಿಗೆಯೂ ಬೇಕಾಗುತ್ತದೆ, ರೋಗಿಗಳ ಮೂಲ ಒಪ್ಪಿಗೆ ಪತ್ರದಲ್ಲಿ ಇಂತಹ ಮರುಬಳಕೆಗೆ ಅವಕಾಶವಿರಬೇಕಾಗುತ್ತದೆ. ಇವುಗಳಲ್ಲಿ ಯಾವುದಾದರೊಂದು ತಪ್ಪಿದರೂ ಕೆಲಸ ನಿಲ್ಲುವುದರಿಂದ, ಅನುಮತಿಯ ಪತ್ರವನ್ನು ಎರಡನೆಯ ವರ್ಷದ ಆರಂಭದಲ್ಲೇ ಬರೆಯಬೇಕು. ಪ್ರಕಟಿತ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸುವ ವ್ಯವಸ್ಥಿತ ವಿಮರ್ಶೆಯೊಂದನ್ನು, ಇಲ್ಲವೇ ಹೊಸ ಪ್ರೋಟೋಕಾಲೊಂದರ ರಚನೆಯನ್ನು ಬದಲಿ ವಿಷಯವಾಗಿ ಸಿದ್ಧವಿಟ್ಟುಕೊಂಡು, ಅದಕ್ಕೂ ಮಾರ್ಗದರ್ಶಕರ ಸಮ್ಮತಿಯನ್ನು ಅದೇ ಸಮಯದಲ್ಲಿ ಪಡೆದಿರಬೇಕು.